ಹೂ ಉದುರಿದ ಮೇಲೆ ಆರ್ಕಿಡ್ ಗಿಡದ ಆರೈಕೆ

ನಮ್ಮ ಕಾಸರಗೋಡು ಸೀಮೆಯ ಮನೆಗಳ ಜಗಲಿಯಲ್ಲಿ ಮಲ್ಲಿಗೆ, ದಾಸವಾಳಗಳ ಜತೆಗೆ ಡೆಂಡ್ರೋಬಿಯಂ ಎಂಬ ಆರ್ಕಿಡ್ ಗಿಡವೂ ಈಗ ಸ್ಥಾನ ಪಡೆದಿದೆ. ಅದರ ಹೂಗೊಂಚಲು ವಾರಗಟ್ಟಲೆ ಬಾಡದೆ ನಿಲ್ಲುವುದರಿಂದ ಕೊಂಡು ತರುವವರು ಹಲವರು. ಆದರೆ ಹೂ ಉದುರಿ, ಹಳೆಯ ಕಾಂಡದ ಎಲೆಗಳೂ ಕಳಚಿದಾಗ, ಗಿಡ ಸತ್ತಿತೆಂದು ಬಗೆದು ಕಿತ್ತೆಸೆಯುವವರೂ ಇದ್ದಾರೆ. ವಾಸ್ತವವಾಗಿ ಆಗ ಗಿಡವು ಮುಂದಿನ ಹೂವಿಗಾಗಿ ಸಿದ್ಧವಾಗುತ್ತಿರುತ್ತದೆ.

ಇದರ ಸ್ವಭಾವವನ್ನು ಅರಿಯಲು ದೂರ ಹೋಗಬೇಕಿಲ್ಲ. ಮುಂಗಾರಿನ ಆಸುಪಾಸಿನಲ್ಲಿ ಮರದ ಕೊಂಬೆಗಳಿಂದ ನರಿಬಾಲದಂತೆ ಇಳಿಬೀಳುವ ಸೀತಾಳೆ ದಂಡೆಯೂ ಆರ್ಕಿಡ್ ಕುಲದ್ದೇ. ಅದು ಮರವನ್ನು ಆಶ್ರಯಿಸುತ್ತದೆಯೇ ಹೊರತು ಬಂದಳಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ಬೇರನ್ನು ಸುತ್ತುವರಿದ ಸ್ಪಂಜಿನಂಥ ಬಿಳಿಯ ಪದರವು ಮಳೆ, ಮಂಜಿನ ನೀರನ್ನು ಹೀರಿ ಬೇಗನೆ ಒಣಗುತ್ತದೆ. ಇಂಥ ಬೇರಿಗೆ ಗಾಳಿಯೇ ಪ್ರಾಣ. ತೋಟದ ಮಣ್ಣನ್ನು ತುಂಬಿ ದಿನವೂ ನೀರೆರೆದರೆ ಅದು ಉಸಿರುಕಟ್ಟಿ ಕೊಳೆಯುತ್ತದೆ. ಡೆಂಡ್ರೋಬಿಯಂ ಗಿಡದ ಬೇರೂ ಇದೇ ತೆರನಾದುದು.

ಹೂ ಮುಗಿದೊಡನೆ ಒಣಗಿದ ಹೂದಂಡನ್ನು ಮಾತ್ರ ಕತ್ತರಿಸಬೇಕು. ಕಬ್ಬಿನಂತೆ ಗಿಣ್ಣುಗಳುಳ್ಳ ಕಾಂಡವು ಎಲೆಯಿಲ್ಲದಿದ್ದರೂ ಹಸಿರಾಗಿ ಗಟ್ಟಿಯಾಗಿದ್ದರೆ ಅದನ್ನು ಮುಟ್ಟಬಾರದು. ಅದರಲ್ಲಿ ನೀರೂ ಆಹಾರವೂ ಕೂಡಿಟ್ಟಿರುತ್ತವೆ. ಹೊಸ ಚಿಗುರು ಅದನ್ನುಂಡು ಬೆಳೆಯುತ್ತದೆ.

ಕುಂಡವನ್ನು ವರ್ಷವರ್ಷವೂ ಬದಲಿಸುವ ಅಗತ್ಯವಿಲ್ಲ; ಎರಡು ಮೂರು ವರ್ಷಗಳಿಗೊಮ್ಮೆ ಸಾಕು. ಹೊಸ ಚಿಗುರಿನ ಬುಡದಲ್ಲಿ ಹಸಿರು ತುದಿಯ ಬೇರು ಇಣುಕುವ ಕಾಲವೇ ಇದಕ್ಕೆ ಯೋಗ್ಯ. ಮೊದಲು ಬೇರುಗಳನ್ನು ನೆನೆಸಿ ಮೆಲ್ಲನೆ ಬಿಡಿಸಬೇಕು. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾದವನ್ನು, ಬೆಂಕಿಯಲ್ಲಿ ಕಾಯಿಸಿ ಆರಿಸಿದ ಚೂರಿಯಿಂದ ಕತ್ತರಿಸಬೇಕು. ಗಿಡವನ್ನು ಪಾಲು ಮಾಡುವುದಾದರೆ ಒಂದೊಂದು ಪಾಲಿಗೂ ಮೂರು ಕಾಂಡಗಳಾದರೂ ಇರಲಿ.

ತಳದಲ್ಲಿಯೂ ಬದಿಯಲ್ಲಿಯೂ ತೂತುಗಳುಳ್ಳ, ಹಳೆಯದಕ್ಕಿಂತ ಒಂದೆರಡು ಅಂಗುಲವಷ್ಟೇ ಅಗಲವಾದ ಕುಂಡ ಸಾಕು. ಹಂಚಿನ ಚೂರು, ಮರದ ಇದ್ದಿಲು, ಕೆಲವು ದಿನ ನೀರು ಬದಲಿಸುತ್ತ ನೆನೆಸಿದ ತೆಂಗಿನ ಸಿಪ್ಪೆಯ ತುಂಡುಗಳು ನಮ್ಮ ಹಿತ್ತಿಲಲ್ಲೇ ದೊರೆಯುತ್ತವೆ. ಚಿಗುರಿನ ಬುಡ ಹೂತುಹೋಗದಂತೆ ಮೇಲೆಯೇ ಕೂರಿಸಿ, ಗಿಡ ಅಲುಗದಂತೆ ಕೋಲಿಗೆ ಕಟ್ಟಬೇಕು. ನಾಲ್ಕೈದು ದಿನ ನೀರು ಸುರಿಯದೆ ಚಿಮುಕಿಸಿದರೆ ಸಾಕು. ಅಷ್ಟರಲ್ಲಿ ಗಾಯ ಮಾಯುತ್ತದೆ. ಅನಂತರವೂ ಒಣಗುವ ತನಕ ಕಾದು ನೀರೆರೆಯಬೇಕು. ಬೆಳಗಿನ ಎಳೆಬಿಸಿಲು ಹಿತಕರ. ಆಷಾಢದ ಜಡಿಮಳೆಯಲ್ಲಿ ಸೂರಿನಡಿ ಇರಿಸುವುದು ಲೇಸು. ತೆಳುವಾದ ಗೊಬ್ಬರದ ನೀರನ್ನು ಹೊಸ ಬೇರು ಬಂದ ಮೇಲಷ್ಟೇ ಕೊಡಬೇಕು.

ಇಷ್ಟೊಂದು ಜತನ ಏಕೆಂದು ಕೇಳಬಹುದು. ಆರ್ಕಿಡ್ಡಿನ ಬೀಜ ಧೂಳಿನಷ್ಟು ಸೂಕ್ಷ್ಮ. ಅದರಲ್ಲಿ ಆಹಾರದ ಸಂಗ್ರಹವಿಲ್ಲ. ಕಾಡಿನಲ್ಲಿ ಅದು ಮೊಳೆಯಲು ಒಂದು ಬಗೆಯ ಶಿಲೀಂಧ್ರದ ನೆರವು ಬೇಕೆಂಬುದನ್ನು ಫ್ರಾನ್ಸಿನ ನೋಯೆಲ್ ಬೆರ್ನಾರ್ 1899ರಲ್ಲಿ ಕಂಡುಕೊಂಡರು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಯಿಸುವ ವಿಧಾನವನ್ನು ಪ್ರಕಟಿಸಿದರು. ಹೀಗಿದ್ದರೂ ಬೀಜವು ಹೂಬಿಡುವ ಗಿಡವಾಗಲು ಹಲವು ವರ್ಷಗಳು ಬೇಕು. ಆದುದರಿಂದ ಜಗಲಿಯ ಗಿಡವನ್ನು ಹೂವಿಲ್ಲವೆಂದು ಎಸೆಯುವುದೂ, ಹೂವಿದೆಯೆಂದು ಕಾಡಿನ ಸೀತಾಳೆ ದಂಡೆಯನ್ನು ಕಿತ್ತು ತರುವುದೂ ಸಮಾನ ನಷ್ಟವೇ. ಬುಡದಲ್ಲಿ ಒಂದು ಹಸಿರು ಕಣ್ಣು ಉಳಿದಿದ್ದರೂ ವಾಚಕರು ಆ ಗಿಡದ ಆಸೆ ಬಿಡಬಾರದು.