ಪಟ್ಟಿಯಲ್ಲಿ ಮುಂದಿನ ಹೆಸರು

ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಮಬ್ಬು ಬೆಳಕಿನ ಒಂದು ಪಡಸಾಲೆಯಿದೆ. ಗೋಡೆಯುದ್ದಕ್ಕೂ ಆಟಗಾರರ ಕಂಚಿನ ತಲೆಗಳು, ಗೌರವ ಪಡೆದ ವರ್ಷದ ಕ್ರಮದಲ್ಲಿ. ಕ್ಲೀವ್‌ಲ್ಯಾಂಡಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ನನ್ನನ್ನು ಅಲ್ಲಿಗೆ ಎಳೆದೊಯ್ದದ್ದೇ ತನ್ನ ಬ್ರೌನ್ಸ್ ತಂಡದ ಜೋ ಥಾಮಸ್‌ನ ತಲೆ ತೋರಿಸುವುದಕ್ಕೆ. ನಾನು ಅದರ ಫೋಟೊ ತೆಗೆಯುತ್ತಿದ್ದೆ. ಪಕ್ಕದಲ್ಲಿ ಡೆಟ್ರಾಯಿಟ್ ಲಯನ್ಸ್‌ನ ನೀಲಿ ಟೋಪಿ ಹಾಕಿಕೊಂಡು ನಿಂತಿದ್ದ ಹಿರಿಯರೊಬ್ಬರು ಯಾರೂ ಕೇಳದೆಯೇ ಬೆರಳು ತೋರಿಸಿ ಹೇಳತೊಡಗಿದರು: "ಇವನು ನಮಗೆ ಸಿಗಬಹುದಿತ್ತು. ಇದೇ ವರ್ಷದ ಡಿಮಾರ್ಕಸ್ ವೇರ್ ಕೂಡ. ಅದರ ಮುಂದಿನ ವರ್ಷದಲ್ಲಿ ಆಂಡ್ರೆ ಜಾನ್ಸನ್ ಇದ್ದಾನಲ್ಲ, ಅವನೂ."

ಆ ರಾತ್ರಿ, ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನ ಹಳೆಯ ಪಟ್ಟಿಗಳನ್ನು ತೆಗೆದು ತಾಳೆ ನೋಡಿದೆ. ಅವರು ಹೇಳಿದ್ದು ಅಕ್ಷರಶಃ ನಿಜ.

2003ರಲ್ಲಿ ಲಯನ್ಸ್ ಎರಡನೆಯ ಸರದಿಯಲ್ಲಿ ಪಾಸ್ ಹಿಡಿಯುವ ವೈಡ್ ರಿಸೀವರ್ ಚಾರ್ಲ್ಸ್ ರೋಜರ್ಸ್‌ನನ್ನು ಆರಿಸಿತು. ಪಟ್ಟಿಯಲ್ಲಿ ಮೂರನೆಯ ಹೆಸರು ಆಂಡ್ರೆ ಜಾನ್ಸನ್. 2005ರಲ್ಲಿ ಹತ್ತನೆಯವನಾಗಿ ರಿಸೀವರ್ ಮೈಕ್ ವಿಲಿಯಮ್ಸ್. ಹನ್ನೊಂದನೆಯ ಹೆಸರು ಡಿಮಾರ್ಕಸ್ ವೇರ್. 2007ರಲ್ಲಿ ಎರಡನೆಯವನಾಗಿ ರಿಸೀವರ್ ಕ್ಯಾಲ್ವಿನ್ ಜಾನ್ಸನ್. ಮೂರನೆಯ ಹೆಸರು ಜೋ ಥಾಮಸ್. ನಡುವೆ 2004ರಲ್ಲಿ ಏಳನೆಯ ಸರದಿಯನ್ನೂ ರಿಸೀವರ್‌ಗೇ, ರಾಯ್ ವಿಲಿಯಮ್ಸ್‌ಗೆ, ಸುರಿದಿತ್ತು. ಐದು ಡ್ರಾಫ್ಟ್, ಮೊದಲ ಹತ್ತರೊಳಗೆ ನಾಲ್ಕು ರಿಸೀವರ್‌ಗಳು. ಅವುಗಳಲ್ಲಿ ಮೂರು ಸಲ, ಲಯನ್ಸ್ ಕೈಬಿಟ್ಟ ಮರುಕ್ಷಣವೇ ಬೇರೆಯವರ ಪಾಲಾದವನು ಇಂದು ಕ್ಯಾಂಟನ್‌ನಲ್ಲಿ ಕಂಚಾಗಿ ಕೂತಿದ್ದಾನೆ.

ಆಗ ಲಯನ್ಸ್ ತಂಡ ಕಟ್ಟಿದ್ದವನು ಮ್ಯಾಟ್ ಮಿಲನ್. ಆಟಗಾರನಾಗಿ ನಾಲ್ಕು ಸೂಪರ್ ಬೌಲ್ ಉಂಗುರ ಗೆದ್ದವನು, ಆಮೇಲೆ ಟಿವಿಯ ಮೆಚ್ಚಿನ ವಿಶ್ಲೇಷಕ. ಸ್ವತಃ ಡಿಫೆನ್ಸ್ ಆಡಿದವನಿಗೆ ರಿಸೀವರ್‌ಗಳ ಮೇಲೆ ಈ ಪರಿಯ ಮೋಹ ಯಾಕೆ ಹತ್ತಿತೋ! ಸ್ಥಳೀಯ ಹುಡುಗ ರೋಜರ್ಸ್‌ನ ಕತ್ತಿನ ಬುಡದ ಎಲುಬು ಮೊದಲ ವರ್ಷವೇ ಮುರಿಯಿತು. ಮರುವರ್ಷದ ಮೊದಲ ಪಂದ್ಯದಲ್ಲೇ ಮತ್ತೆ ಮುರಿಯಿತು. ವೃತ್ತಿಜೀವನವೆಲ್ಲ ಸೇರಿ ಅವನು ಹಿಡಿದದ್ದು 36 ಪಾಸ್. 2019ರಲ್ಲಿ, 38ನೆಯ ವಯಸ್ಸಿಗೇ ತೀರಿಕೊಂಡ. ಅವನನ್ನು ಹಾಸ್ಯದ ಸರಕು ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮೈಕ್ ವಿಲಿಯಮ್ಸ್ ಅವಧಿಗೆ ಮುನ್ನ ಕಾಲೇಜು ಬಿಟ್ಟು, ಕೋರ್ಟ್ ತೀರ್ಪು ತಿರುಗಿಬಿದ್ದು, ಇಡೀ ಒಂದು ವರ್ಷ ಆಟವಿಲ್ಲದೆ ಕಳೆದು ಬಂದಿದ್ದ. 2008ರ ಸೆಪ್ಟೆಂಬರಿನಲ್ಲಿ ಮಿಲನ್‌ನ ಕೆಲಸ ಹೋಯಿತು. ಆ ವರ್ಷ ಲಯನ್ಸ್ ಆಡಿದ 16 ಪಂದ್ಯಗಳನ್ನೂ ಸೋತಿತು. ಅಲ್ಲಿಯವರೆಗೆ ಯಾವ ತಂಡವೂ ಮಾಡಿರದ ದಾಖಲೆ.

ಹಾಗಾದರೆ ರಿಸೀವರ್‌ನನ್ನು ಮೊದಲ ಸರದಿಗಳಲ್ಲೇ ಆರಿಸುವುದು ದಡ್ಡತನವೇ? ಪ್ರತಿ ಏಪ್ರಿಲ್‌ನಲ್ಲಿ ಅಮೆರಿಕದ ಕಾಫಿ ಅಂಗಡಿಗಳಲ್ಲಿ ನಡೆಯುವ ಈ ಜಗಳ, ಅಲ್ಲಿನ ಆಫೀಸುಗಳಲ್ಲಿ ಫ್ಯಾಂಟಸಿ ಲೀಗ್ ಆಡುವ ನಮ್ಮ ಹುಡುಗರಿಗೂ ಅಂಟಿದೆ. ಡ್ರಾಫ್ಟ್ ಎಂದರೆ ಹರಾಜಲ್ಲ, ಸರದಿ. ಕಳೆದ ವರ್ಷ ತೀರಾ ಕಳಪೆ ಆಡಿದ ತಂಡಕ್ಕೆ ಮೊದಲ ಆಯ್ಕೆ, ಒಟ್ಟು ಏಳು ಸುತ್ತು. ದುಡ್ಡು ಚೆಲ್ಲಿ ಎರಡನೆಯ ಅವಕಾಶ ಕೊಳ್ಳುವಂತಿಲ್ಲ. ಒಬ್ಬನನ್ನು ಆರಿಸಿದರೆ ಉಳಿದವರನ್ನೆಲ್ಲ ಬಿಟ್ಟಂತೆ. ಅದಕ್ಕೇ ಮುಂದಿನ ಹೆಸರು ಅಷ್ಟು ಕಾಡುವುದು.

ನನಗಂತೂ ಈ ಮುಂದಿನ ಹೆಸರಿನ ಹುಚ್ಚು ಹಿಡಿದುಬಿಟ್ಟಿತು. 2017ರಲ್ಲಿ ಸಿನ್ಸಿನಾಟಿ ಬೆಂಗಲ್ಸ್ ಒಂಬತ್ತನೆಯ ಸರದಿಯಲ್ಲಿ ರಿಸೀವರ್ ಜಾನ್ ರಾಸ್‌ನನ್ನು ಹಿಡಿಯಿತು. ಡ್ರಾಫ್ಟಿಗೆ ಮುಂಚಿನ ಪರೀಕ್ಷೆಯಲ್ಲಿ 40 ಯಾರ್ಡನ್ನು 4.22 ಸೆಕೆಂಡಿನಲ್ಲಿ ಓಡಿ ದಾಖಲೆ ಮಾಡಿದ್ದವನು. ತಲೆಗೆ ಹೆಲ್ಮೆಟ್ಟಿಲ್ಲ, ಮೈಮೇಲೆ ಪ್ಯಾಡಿಲ್ಲ, ಎದುರಿಗೆ ಅಡ್ಡ ಬರುವವನಿಲ್ಲ. ಇಂಥ ಓಟಕ್ಕೆ ಈ ಜನ ಕೊಡುವ ಬೆಲೆ ನನಗೆ ಇಂದಿಗೂ ಬಗೆಹರಿದಿಲ್ಲ. ಮೊದಲ ವರ್ಷ ರಾಸ್ ಒಂದೇ ಒಂದು ಪಾಸನ್ನೂ ಹಿಡಿಯಲಿಲ್ಲ. ಹತ್ತನೆಯ ಹೆಸರು ಯಾವುದು ಗೊತ್ತೆ? ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್. ಕನ್ಸಾಸ್ ಸಿಟಿ ಚೀಫ್ಸ್ ಅವನಿಗಾಗಿ ಬೇರೆ ತಂಡದೊಂದಿಗೆ ಸರದಿ ಅದಲುಬದಲು ಮಾಡಿಕೊಂಡು 27ನೆಯ ಸ್ಥಾನದಿಂದ ಮೇಲೆ ಬಂದಿತ್ತು. 2020ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ 21ನೆಯ ಸರದಿಯಲ್ಲಿ ರಿಸೀವರ್ ಜೇಲನ್ ರೇಗರ್‌ನ ಹೆಸರು ಕೂಗಿದಾಗ ಮಿನೆಸೋಟಾ ವೈಕಿಂಗ್ಸ್ ಮಂದಿ ಸಂತೋಷಕ್ಕೆ ನಕ್ಕದ್ದು ವಿಡಿಯೊದಲ್ಲಿ ದಾಖಲಾಗಿದೆ. ಅವರಿಗೆ 22ನೆಯವನಾಗಿ ಸಿಕ್ಕಿದ್ದು ಜಸ್ಟಿನ್ ಜೆಫರ್ಸನ್. ಮೊದಲ ವರ್ಷವೇ 1,400 ಯಾರ್ಡ್ ಗಳಿಸಿದ.

ಜೋ ಥಾಮಸ್‌ನ ಕಥೆಯನ್ನಂತೂ ಅಕ್ಕನ ಮಗ ದಾರಿಯುದ್ದಕ್ಕೂ ಹೇಳಿದ್ದ. 2007ರ ಡ್ರಾಫ್ಟಿಗೆ ನ್ಯೂಯಾರ್ಕಿಗೆ ಬಾ, ಸೂಟು ಹಾಕಿಕೊಂಡು ವೇದಿಕೆ ಹತ್ತು ಎಂದು ಕರೆ ಬಂದರೂ ಆತ ಹೋಗಲಿಲ್ಲ. ಅಪ್ಪನ ಜೊತೆ ಮಿಷಿಗನ್ ಸರೋವರಕ್ಕೆ ಮೀನು ಹಿಡಿಯಲು ಹೋದ. ದೋಣಿಯಲ್ಲಿದ್ದಾಗಲೇ ತಾನು ಯಾವ ಊರಿನ ಪಾಲಾದೆನೆಂಬುದು ಗೊತ್ತಾಯಿತು. ಆಮೇಲೆ ಲೆಫ್ಟ್ ಟ್ಯಾಕಲ್ ಆಗಿ, ಕ್ವಾರ್ಟರ್‌ಬ್ಯಾಕ್‌ನ ಬೆನ್ನು ಕಾಯುತ್ತ, ಒಂದನ್ನೂ ತಪ್ಪಿಸದೆ ಸತತ 10,363 ಸ್ನ್ಯಾಪ್, ಎಂದರೆ ಚೆಂಡು ಅಷ್ಟು ಸಲ ಆಟಕ್ಕಿಳಿದಾಗಲೂ, ಆಡಿದ. ಗಾಯಕ್ಕೆ ಹೊರಗೆ ಕೂರಲಿಲ್ಲ, ಬಿಡುವು ಕೇಳಲಿಲ್ಲ. 2017ರಲ್ಲಿ ತೋಳಿನ ಸ್ನಾಯು ಹರಿದಾಗಲೇ ನಿಂತದ್ದು. ಕೆಲಸ ಸರಿಯಾದಷ್ಟೂ ಯಾರ ಕಣ್ಣಿಗೂ ಬೀಳದ ಜಾಗ ಅದು. ಈ ಆಟದಲ್ಲಿ ನನಗೆ ಇಷ್ಟವಾಗುವವರು ಇಂಥವರೇ. ಚೆಂಡು ಹಿಡಿದು ಕುಣಿಯುವವರ ಬಗ್ಗೆ ಮುಂದೆ ಬರೆಯುವುದನ್ನು ಓದುಗರು ಇದನ್ನು ನೆನಪಿಟ್ಟುಕೊಂಡೇ ಓದಬೇಕು.

"ಮಾವ, ಇದು ಮೋಸದ ಆಟ," ಎಂದ ಅಕ್ಕನ ಮಗ. "ಯಾರನ್ನು ಆರಿಸಿದರೂ ಅವನ ಕೆಳಗೆ ಇನ್ನೊಬ್ಬ ಇದ್ದೇ ಇರುತ್ತಾನೆ. ಹಾಗೆ ಹುಡುಕಿದರೆ ಯಾವ ತಂಡವನ್ನೂ ದಡ್ಡ ಅನ್ನಬಹುದು. ಅಷ್ಟಕ್ಕೂ ಕ್ಯಾಲ್ವಿನ್ ಸಿಕ್ಕಿದ್ದಕ್ಕೆ ಅಳುವವರು ಯಾರು?"

ಅವನ ಮಾತಿಗೆ ಪುರಾವೆಯೂ ಇದೆ. ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್, 2017ರಲ್ಲಿ ನೊಬೆಲ್ ಪಡೆದವರು, ಕೇಡ್ ಮ್ಯಾಸಿ ಜೊತೆ ಸೇರಿ ಡ್ರಾಫ್ಟನ್ನೇ ಅಧ್ಯಯನ ಮಾಡಿದ್ದಾರೆ. ಒಂದೇ ಸ್ಥಾನದ ಇಬ್ಬರು ಆಟಗಾರರಲ್ಲಿ ಮೊದಲು ಆಯ್ಕೆಯಾದವನು ಅವನ ನಂತರ ಆಯ್ಕೆಯಾದವನಿಗಿಂತ ಮೇಲೆನಿಸುವ ಸಾಧ್ಯತೆ, ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಕೂದಲೆಳೆಯಷ್ಟೇ ಹೆಚ್ಚು. ತಂಡಗಳು ತಮ್ಮ ಕಣ್ಣನ್ನು ವಿಪರೀತ ನಂಬುತ್ತವೆ, ಮೊದಲ ಕೆಲವು ಸ್ಥಾನಗಳಿಗೆ ಸಲ್ಲದ ಬೆಲೆ ತೆರುತ್ತವೆ ಎಂಬುದು ಅವರ ವಾದ.

ಅದೇ ಪಟ್ಟಿಯನ್ನು ಇನ್ನೊಂದು ಸಲ ನೋಡಿದಾಗ ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಸಂಗತಿ. ಸರಿಯಾದ ರಿಸೀವರ್ ಸಿಕ್ಕವರಿಗಾದರೂ ಏನು ಸಿಕ್ಕಿತು? ಆಂಡ್ರೆ ಜಾನ್ಸನ್ 14,185 ಯಾರ್ಡ್ ಗಳಿಸಿದ. ಹೂಸ್ಟನ್ ಟೆಕ್ಸನ್ಸ್ ಮೊದಲ ಪ್ಲೇಆಫ್ ಕಂಡದ್ದು ಅವನ ಒಂಬತ್ತನೆಯ ವರ್ಷದಲ್ಲಿ. ಕ್ಯಾಲ್ವಿನ್ ಜಾನ್ಸನ್ 2012ರಲ್ಲಿ 1,964 ಯಾರ್ಡ್ ಗಳಿಸಿ ಜೆರ್ರಿ ರೈಸ್‌ನ ದಾಖಲೆ ಮುರಿದ. ಆ ವರ್ಷ ಲಯನ್ಸ್ ನಾಲ್ಕು ಪಂದ್ಯ ಗೆದ್ದು ಹನ್ನೆರಡು ಸೋತಿತು. ತನ್ನ ಸ್ಥಾನದಲ್ಲಿ ಹಿಂದೆ ಯಾರೂ ಆಡದಷ್ಟು ಚೆನ್ನಾಗಿ ಆಡಿದ ವರ್ಷದಲ್ಲಿ ತಂಡ ನೆಲಕಚ್ಚಿತ್ತು. ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರನ್ನೂ ಇಟ್ಟುಕೊಂಡು ವರ್ಷಗಟ್ಟಲೆ ಬರಿಗೈಲಿ ಮರಳಿದ ಆರ್‌ಸಿಬಿಯ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2025ರಲ್ಲಿ ಕಪ್ ಬಂದಾಗ ತಂಡದಲ್ಲಿ ಬೌಲ್ ಮಾಡಲು ಹೇಜಲ್‌ವುಡ್, ಭುವನೇಶ್ವರ್, ಕೃಣಾಲ್ ಇದ್ದರು.

ಜೋ ಥಾಮಸ್ ಕೂಡ ಒಂದೇ ಒಂದು ಪ್ಲೇಆಫ್ ಪಂದ್ಯ ಆಡದೆ ನಿವೃತ್ತನಾದ ಎಂದು ಅಕ್ಕನ ಮಗನೇ ಒಪ್ಪಿಕೊಂಡ. ನಿಜ, ಟ್ಯಾಕಲ್ ಒಬ್ಬನಿಂದಲೂ ತಂಡ ಆಗುವುದಿಲ್ಲ. ಆದರೆ ರಿಸೀವರ್‌ನ ಪಾಡೇ ಬೇರೆ. ಅವನ ಕೈಗೆ ಚೆಂಡು ಬರಬೇಕಾದರೆ ಐವರು ಸಾಲು ಹಿಡಿದು ಎದುರಾಳಿಗಳನ್ನು ತಡೆಯಬೇಕು, ಅವರ ಹಿಂದೆ ನಿಂತವನು ಕಣ್ಣುಬಿಟ್ಟು ನೋಡಿ ನೇರವಾಗಿ ಎಸೆಯಬೇಕು. ಇವೆರಡೂ ಇಲ್ಲದ ಕಡೆ ಅವನು ಎಷ್ಟು ಚೆನ್ನಾಗಿ ಓಡಿದರೇನು? ಜೆರ್ರಿ ರೈಸ್ 1985ರಲ್ಲಿ 16ನೆಯವನಾಗಿ ಸೇರಿದ ಸ್ಯಾನ್ ಫ್ರಾನ್ಸಿಸ್ಕೊ ತಂಡ ಅದೇ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದಿತ್ತು. ಎಸೆಯಲು ಜೋ ಮೊಂಟಾನಾ ಇದ್ದ. ಮನೆ ಕಟ್ಟಿ ಮುಗಿಸಿದ್ದವರು ರೈಸ್‌ನನ್ನು ತಂದರು. ಮಿಲನ್ ತಂದದ್ದು ಬಯಲಿಗೆ.

ರಿಸೀವರ್‌ಗೆ ಅವಸರ ಬೇಡವೆನ್ನಲು ಎರಡನೆಯ ಕಾರಣ ಸರಬರಾಜು. ಕಾಲೇಜು ಆಟದಲ್ಲಿ ಈಗ ಎಲ್ಲರೂ ಎಸೆಯುವುದನ್ನೇ ನೆಚ್ಚಿಕೊಂಡಿರುವುದರಿಂದ ವರ್ಷವರ್ಷವೂ ಪಳಗಿದ ರಿಸೀವರ್‌ಗಳು ರಾಶಿ ರಾಶಿ ಬರುತ್ತಾರೆ. ತಡವಾಗಿ ಆಯ್ಕೆಯಾದವರನ್ನೇ ನೋಡಿ: ಕೂಪರ್ ಕಪ್ 69ನೆಯವನು, ಟೈರೀಕ್ ಹಿಲ್ 165, ಪೂಕಾ ನಕೂವಾ 177, ಆಂಟೋನಿಯೊ ಬ್ರೌನ್ 195. ನಕೂವಾ 2023ರಲ್ಲಿ ಮೊದಲ ವರ್ಷದ ಆಟಗಾರನಾಗಿ 105 ಪಾಸ್ ಹಿಡಿದು 1,486 ಯಾರ್ಡ್ ಗಳಿಸಿ ದಾಖಲೆ ಬರೆದ. 199ನೆಯ ಸರದಿಯಲ್ಲಿ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಸಿಕ್ಕಲಿಲ್ಲವೇ ಎಂದು ಯಾರಾದರೂ ಕೂಗುವುದು ಖಂಡಿತ. ಸಿಕ್ಕಿದ, ಒಬ್ಬನೇ ಸಿಕ್ಕಿದ ಕಾರಣಕ್ಕೇ ಆ ಸಂಖ್ಯೆ ಎಲ್ಲರಿಗೂ ಬಾಯಿಪಾಠವಾಗಿದೆ.

ಎದುರು ಪಕ್ಷದ ಗಟ್ಟಿ ವಾದ ದುಡ್ಡಿನದು. 2011ರಿಂದ ಹೊಸಬರ ಸಂಬಳಕ್ಕೆ ಮಿತಿಯಿದೆ. ಬೆಂಗಲ್ಸ್ 2021ರಲ್ಲಿ ಐದನೆಯವನಾಗಿ ಆರಿಸಿದ ಜಮಾರ್ ಚೇಸ್‌ಗೆ ಮೊದಲ ನಾಲ್ಕು ವರ್ಷಕ್ಕೆ ಸೇರಿ ಸಿಕ್ಕಿದ್ದು ಸುಮಾರು 3 ಕೋಟಿ ಡಾಲರ್. 2025ರ ಹೊಸ ಒಪ್ಪಂದ ನಾಲ್ಕು ವರ್ಷಕ್ಕೆ 16.1 ಕೋಟಿ. ಎಂದರೆ ಈಗ ಒಂದು ವರ್ಷಕ್ಕೆ ಕೊಡುವುದಕ್ಕಿಂತ ಕಡಿಮೆ ದುಡ್ಡಿಗೆ ನಾಲ್ಕು ವರ್ಷ ಆಡಿಸಿದರು. ಪಳಗಿದ ರಿಸೀವರ್ ಇಷ್ಟು ದುಬಾರಿಯಾದಾಗ ಎಳೆಯವನನ್ನು ಬೇಗ ಹಿಡಿಯುವುದೇ ಜಾಣತನ ಎನ್ನುತ್ತಾರೆ. ಮಿಲನ್‌ನ ಕಾಲದಲ್ಲಿ ಈ ಲೆಕ್ಕ ಇರಲಿಲ್ಲ. 2024ರ ಡ್ರಾಫ್ಟಿನಲ್ಲಿ ಮೊದಲ ಒಂಬತ್ತರೊಳಗೆ ಮೂವರು, ಮೊದಲ ಸುತ್ತಿನಲ್ಲಿ ಒಟ್ಟು ಏಳು ಮಂದಿ ರಿಸೀವರ್‌ಗಳು ಹೋದದ್ದಕ್ಕೆ ಇದೂ ಒಂದು ಕಾರಣ.

ಚೇಸ್‌ನ ಆಯ್ಕೆಯಲ್ಲೇ ಇಡೀ ಜಗಳ ಅಡಗಿದೆ. ಹಿಂದಿನ ವರ್ಷ ಬೆಂಗಲ್ಸ್‌ನ ಕ್ವಾರ್ಟರ್‌ಬ್ಯಾಕ್ ಜೋ ಬರೋ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡಿದ್ದ, ಕಾಯುವವರೇ ಇರಲಿಲ್ಲ. ಟ್ಯಾಕಲ್ ಪೆನೆ ಸೂವೆಲ್ ಕೈಗೆಟುಕುವಷ್ಟು ಹತ್ತಿರದಲ್ಲಿದ್ದ. ಬೆಂಗಲ್ಸ್ ಅವನನ್ನು ಬಿಟ್ಟು, ಬರೋನ ಕಾಲೇಜು ಗೆಳೆಯ ಚೇಸ್‌ನನ್ನು ಆರಿಸಿತು. ಚೇಸ್ ಮೊದಲ ವರ್ಷವೇ 1,455 ಯಾರ್ಡ್, 13 ಟಚ್‌ಡೌನ್ ಗಳಿಸಿದ, ತಂಡ ಸೂಪರ್ ಬೌಲ್ ಮುಟ್ಟಿತು. ವಾದ ಮುಗಿಯಿತು ಎಂದರು ಜನ.

ಮುಗಿದಿರಲಿಲ್ಲ. 2022ರ ಫೆಬ್ರವರಿಯ ಆ ಫೈನಲ್‌ನಲ್ಲಿ ಬರೋನನ್ನು ಏಳು ಸಲ ಕೆಡವಿದರು. ಮೂರು ಅಂಕ ಹಿಂದಿದ್ದಾಗ, ಕಡೆಯ ಅವಕಾಶದಲ್ಲಿ, ಚೇಸ್ ತನ್ನ ಕಾವಲಿಗಿದ್ದವನನ್ನು ದಾಟಿ ದೂರಕ್ಕೆ ಓಡುತ್ತಿದ್ದ. ಎಸೆದಿದ್ದರೆ ಗೆಲುವೇ ಇತ್ತೇನೋ. ಎಸೆಯಲು ಪುರುಸೊತ್ತು ಬೇಕಲ್ಲ! ಅಷ್ಟರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್‌ನ ಆರನ್ ಡೊನಾಲ್ಡ್ ಬರೋನನ್ನು ಹಿಡಿದು ತಿರುಗಿಸಿದ, ಚೆಂಡು ಎಲ್ಲೋ ಬಿತ್ತು. ರ‍್ಯಾಮ್ಸ್ 23–20ರಿಂದ ಗೆದ್ದಿತು. ಗೆಲುವಿನ ಟಚ್‌ಡೌನ್ ಹಿಡಿದು ಪಂದ್ಯದ ಶ್ರೇಷ್ಠ ಆಟಗಾರನಾದವನು ಆ 69ನೆಯ ಸರದಿಯ ಕೂಪರ್ ಕಪ್. 2024ರಲ್ಲಿ ಚೇಸ್ ಪಾಸ್, ಯಾರ್ಡ್, ಟಚ್‌ಡೌನ್ ಮೂರರಲ್ಲೂ ಲೀಗ್‌ಗೇ ಮೊದಲಿಗನಾದ. ಬೆಂಗಲ್ಸ್ ಪ್ಲೇಆಫ್‌ಗೂ ಬರಲಿಲ್ಲ.

ಬೆಂಗಲ್ಸ್ ಬಿಟ್ಟ ಸೂವೆಲ್ ಏಳನೆಯವನಾಗಿ ಹೋದದ್ದು ಎಲ್ಲಿಗೆ? ಡೆಟ್ರಾಯಿಟಿಗೆ. ಹೆಸರು ಖಚಿತವಾದಾಗ ಜನರಲ್ ಮ್ಯಾನೇಜರ್ ಬ್ರ್ಯಾಡ್ ಹೋಮ್ಸ್ ಕುರ್ಚಿಯಿಂದೆದ್ದು ಕೂಗಾಡಿದ ವಿಡಿಯೊ ಆ ಊರಿನಲ್ಲಿ ನೋಡದವರಿಲ್ಲ. ರಿಸೀವರ್ ಬೇಡವೆಂದಲ್ಲ; ಅದೇ ಡ್ರಾಫ್ಟಿನ ನಾಲ್ಕನೆಯ ಸುತ್ತಿನವರೆಗೆ ಕಾದು 112ನೆಯವನಾಗಿ ಅಮನ್-ರಾ ಸೇಂಟ್ ಬ್ರೌನ್‌ನನ್ನು ತಂದರು. ತನಗಿಂತ ಮೊದಲು ಆಯ್ಕೆಯಾದ 16 ರಿಸೀವರ್‌ಗಳ ಹೆಸರನ್ನೂ ಆತ ಸಾಲಾಗಿ ಒಪ್ಪಿಸುತ್ತಾನೆ. 2022ರಲ್ಲಿ ಹೋಮ್ಸ್ ಕೂಡ ಮೇಲೆ ಏರಿ 12ನೆಯ ಸರದಿಯಲ್ಲಿ ರಿಸೀವರ್ ಜೇಮ್ಸನ್ ವಿಲಿಯಮ್ಸ್‌ನನ್ನು ಹಿಡಿದದ್ದನ್ನು ನನ್ನ ವಾದಕ್ಕೆ ಒಗ್ಗುವುದಿಲ್ಲವೆಂದು ಮುಚ್ಚಿಡಲಾರೆ. ಗಾಯ, ಅಮಾನತು ಎಲ್ಲ ಮುಗಿದು ಅವನು ಸಾವಿರ ಯಾರ್ಡ್ ದಾಟಲು ಮೂರನೆಯ ವರ್ಷ ಬರಬೇಕಾಯಿತು.

ಹಾಗಾಗಿ ನನ್ನ ಮಟ್ಟಿಗೆ ತೀರ್ಮಾನ ಇಷ್ಟು: ಎಸೆಯುವವನೂ ಅವನನ್ನು ಕಾಯುವವರೂ ಆಗಲೇ ಇರುವ ತಂಡ ರಿಸೀವರ್‌ನನ್ನು ಎಷ್ಟು ಬೇಗ ಬೇಕಾದರೂ ಆರಿಸಲಿ. ಇಬ್ಬರೂ ಇಲ್ಲದ ತಂಡ ಮೊದಲ ಹತ್ತರಲ್ಲಿ ಅವನ ತಂಟೆಗೆ ಹೋಗದೆ ಎರಡನೆಯ, ಮೂರನೆಯ ಸುತ್ತಿನವರೆಗೆ ಕಾಯಲಿ. ಸೂವೆಲ್ ಕಾವಲಿಗೆ ನಿಂತು, ಸೇಂಟ್ ಬ್ರೌನ್ ಪಾಸ್ ಹಿಡಿದ ಡೆಟ್ರಾಯಿಟ್ 2024ರ ಜನವರಿಯಲ್ಲಿ ರ‍್ಯಾಮ್ಸ್ ತಂಡವನ್ನು 24–23ರಿಂದ ಸೋಲಿಸಿತು. ಪ್ಲೇಆಫ್‌ನಲ್ಲಿ ಲಯನ್ಸ್‌ಗೆ 32 ವರ್ಷಗಳಲ್ಲಿ ಅದೇ ಮೊದಲ ಗೆಲುವು.