ದುಡ್ಡು ಬಂದದ್ದು ಪಹಣಿಗೆ, ಉತ್ತವನಿಗಲ್ಲ!

ಕೊರೋನಾ ಪರಿಹಾರದ ಲೆಕ್ಕ ಬಗೆಹರಿದೀತೇ?

ಹೊಳಲ್ಕೆರೆ: ಕೊರೋನಾ ಕಾಲದ ಪರಿಹಾರ ಮುಗಿದ ಕತೆ ಎಂದು ಕಚೇರಿಗಳು ಕಡತ ಕಟ್ಟಿಟ್ಟಾಗಿದೆ. ಆದರೆ ಪರಿಹಾರ ಮುಟ್ಟಿದ್ದು ಯಾರಿಗೆ ಎಂಬ ಪ್ರಶ್ನೆಗೆ ಮಾತ್ರ ಇನ್ನೂ ಮುಕ್ತಾಯವಿಲ್ಲ.

2020ರ ಮಾರ್ಚ್ ಕೊನೆಗೆ ದೇಶಕ್ಕೇ ಬೀಗ ಬಿತ್ತು. ಅದಕ್ಕೂ ಮೊದಲೇ, ಕೋಳಿ ತಿಂದರೆ ಕೊರೋನಾ ಬರ್ತದೆ ಅನ್ನೋ ಗಾಳಿಸುದ್ದಿ ಕೋಳಿ ಫಾರಂಗಳನ್ನು ಮಲಗಿಸಿತ್ತು. ಸಾಲದ್ದಕ್ಕೆ ಹರಿಹರ ತಾಲ್ಲೂಕಿನಲ್ಲಿ ಹಕ್ಕಿಜ್ವರ. ಕೋಳಿ ಕೇಳೋರಿಲ್ಲ ಅಂದ ಮೇಲೆ ಕೋಳಿ ತಿನ್ನೋ ಮೆಕ್ಕೆಜೋಳ ಕೇಳೋರು ಯಾರು? ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 1,760 ರೂಪಾಯಿ. ಮಾರುಕಟ್ಟೆ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ.

ಘೋಷಣೆಯ ಮೇಲೆ ಘೋಷಣೆ

ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು 2020ರ ಮೇ 6ರಂದು 1,610 ಕೋಟಿಯ ಪ್ಯಾಕೇಜ್ ಪ್ರಕಟಿಸಿದರು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ. ಅದೇ ತಿಂಗಳು ಹಣ್ಣು, ತರಕಾರಿಗೆ ಹೆಕ್ಟೇರಿಗೆ 15,000 ರೂಪಾಯಿ. ರಾಜ್ಯದ 10 ಲಕ್ಷ ಮೆಕ್ಕೆಜೋಳದ ರೈತರಿಗೆ ತಲಾ 5,000 ರೂಪಾಯಿ, ಒಟ್ಟು 500 ಕೋಟಿ. 2021ರ ಎರಡನೇ ಅಲೆಯಲ್ಲಿ ಹೂವು, ಹಣ್ಣು, ತರಕಾರಿಗೆ ಹೆಕ್ಟೇರಿಗೆ 10,000 ರೂಪಾಯಿಗೆ ಇಳಿಯಿತು.

ರಾಮಗಿರಿ, ತಾಳ್ಯ, ಬಿ.ದುರ್ಗ ಹೋಬಳಿಗಳ ಮಳೆಯಾಶ್ರಿತ ಹೊಲದವರಿಗೆ ಮುಖ್ಯವಾದದ್ದು ಆ 5,000. ಕ್ವಿಂಟಾಲಿಗೆ 400 ರೂಪಾಯಿ ಕಡಿಮೆ ಸಿಕ್ಕಿತು ಅಂದುಕೊಂಡರೂ 20 ಕ್ವಿಂಟಾಲಿಗೆ ನಷ್ಟ 8,000. ಒಂದೆಕರೆಯವನಿಗೂ ಅಷ್ಟೇ, ಹತ್ತೆಕರೆಯವನಿಗೂ ಅಷ್ಟೇ. ಆದರೂ ಬಂದಷ್ಟು ಬಂತು, ಬೀಜಕ್ಕೋ ಗೊಬ್ಬರಕ್ಕೋ ಆಯಿತು ಅಂದವರು ಉಂಟು. ಮಧ್ಯೆ ಕೈ ಚಾಚುವವನಿಲ್ಲದೆ ನೇರ ಬ್ಯಾಂಕ್ ಖಾತೆಗೆ ಬಂದದ್ದೂ ಒಳ್ಳೆಯದೇ.

ಯಾರ ಖಾತೆಗೆ?

ಗಂಟು ಇರುವುದು ಇಲ್ಲೇ. ದುಡ್ಡು ಹೋದದ್ದು ಪಹಣಿ, ಬೆಳೆ ಸಮೀಕ್ಷೆ, ಆಧಾರ್ ಮೂರೂ ತಾಳೆಯಾದ ಖಾತೆಗೆ. ಸತ್ತ ಅಜ್ಜನ ಹೆಸರಲ್ಲೇ ಪಹಣಿ ಇದ್ದರೆ? ಅಜ್ಜನಿಗೆ ಆಧಾರ್ ಎಲ್ಲಿಂದ ಬರಬೇಕು! ಸಮೀಕ್ಷೆಗೆ ಬಂದ ಹುಡುಗ ಜೋಳದ ಹೊಲಕ್ಕೆ ರಾಗಿ ಅಂತ ಬರೆದಿದ್ದರೆ ಅಲ್ಲಿಗೂ ಮುಗಿಯಿತು.

ಎಲ್ಲಕ್ಕಿಂತ ಕೆಟ್ಟ ಗತಿ ಗುತ್ತಿಗೆಗೋ ಪಾಲಿಗೋ ಉಳುವವನದು. ಬೀಜ ಅವನದು, ಸಾಲ ಅವನದು, ನಷ್ಟವೂ ಅವನದೇ. ಹೊಲದ ಯಜಮಾನ ಬೆಂಗಳೂರಲ್ಲಿ ಕೂತಿದ್ದರೂ ದುಡ್ಡು ಯಜಮಾನನ ಖಾತೆಗೆ. ಯಜಮಾನ ಒಳ್ಳೆಯವನಾದರೆ ಅರ್ಧ ಕೊಟ್ಟಾನು, ಇಲ್ಲವಾದರೆ ಕೇಳೋ ಹಕ್ಕೂ ಇಲ್ಲ. ಯಾಕಂದರೆ ಗುತ್ತಿಗೆ ಬರೀ ಬಾಯಿಮಾತು. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣೆ ತಂದು ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಎಷ್ಟೋ ಗೇಣಿದಾರರು ಹೊಲದ ಒಡೆಯರಾದರು. ಆದರೆ ಆಮೇಲೆ ಹುಟ್ಟಿಕೊಂಡ ಹೊಸ ಗೇಣಿದಾರನಿಗೆ ಕಾಗದದಲ್ಲಿ ಜಾಗವೇ ಇಲ್ಲ. ಕಾನೂನಿನ ಲೆಕ್ಕದಲ್ಲಿ ಅವನು ಹೊಲದಲ್ಲೇ ಇಲ್ಲ!

ಮುಂದೇನು?

ಪಹಣಿ ಇದ್ದವರಿಗಾದರೂ ದಾರಿ ಇದೆ. ಪೌತಿ ಖಾತೆ ಮಾಡಿಸಿಕೊಳ್ಳಬಹುದು, ಫ್ರೂಟ್ಸ್ ನೋಂದಣಿ ಮಾಡಿಸಬಹುದು. 2020ರ ಮುಂಗಾರಿನಿಂದ ರೈತನೇ ಮೊಬೈಲಿನಲ್ಲಿ ತನ್ನ ಬೆಳೆ ದಾಖಲಿಸಲು ಅವಕಾಶವಾಯಿತು. ಬರ ಪರಿಹಾರವಿರಲಿ, ಬೆಳೆ ವಿಮೆಯಿರಲಿ, ಎಲ್ಲದಕ್ಕೂ ಈ ದಾಖಲೆಯೇ ಆಧಾರ.

ಪಹಣಿ ಇಲ್ಲದೆ ಉಳುವವನಿಗೆ? ಭೂಮಿಯ ಹಕ್ಕು ಬೇರೆ, ಬೆಳೆಯ ನಷ್ಟ ಬೇರೆ. ಯಜಮಾನನ ಹಕ್ಕಿಗೆ ಕುತ್ತು ಬಾರದಂತೆ, ಈ ವರ್ಷ ಉತ್ತವನು ಇವನು ಎಂದು ಬರೆದುಕೊಳ್ಳಲು ಸಮೀಕ್ಷೆಯಲ್ಲಿ ಒಂದು ಸಾಲು ಸಾಕು. ಆ ಸಾಲು ಬರೆಯುವವರೆಗೆ, ಇನ್ನೆಷ್ಟು ಕೋಟಿ ಘೋಷಿಸಿದರೂ ಅವನ ಪಾಲಿಗೆ ಅದು ರೇಡಿಯೋ ಸುದ್ದಿ ಮಾತ್ರ.