ಕರಕುಶಲ ಮೇಳಕ್ಕೆ ಗುಜರಾತಿಗೆ ಬರುವವರಿಗೆ: ಊಟ, ವಸತಿ ಮತ್ತು ಲೆಕ್ಕಾಚಾರ

ಚನ್ನಪಟ್ಟಣದ ಬೊಂಬೆ, ಬೀದರಿನ ಬಿದರಿ ಕಲಾಕೃತಿ, ಇಳಕಲ್ ಸೀರೆ, ಧಾರವಾಡದ ಕಸೂತಿ – ಇವನ್ನು ಹೊತ್ತ ಕುಶಲಕರ್ಮಿಗಳು ಗುಜರಾತಿನ ಮೇಳಗಳಿಗೂ ಬರುವುದುಂಟು. ಅವರ ಕೈಯಲ್ಲಿ ಕೊನೆಗೆ ಉಳಿಯುವ ಹಣವನ್ನು ನಿರ್ಧರಿಸುವುದು ಮಾರಾಟವೊಂದೇ ಅಲ್ಲ; ಬಾಡಿಗೆ, ಊಟ ಮತ್ತು ಓಡಾಟದ ವೆಚ್ಚವೂ ಹೌದು. ಮೈದಾನದಿಂದ ದೂರದ ವಸತಿಗೃಹದಲ್ಲಿ ದಿನಕ್ಕೆ 200 ರೂ. ಉಳಿಯಿತೆನ್ನೋಣ. ಹೋಗಿಬರುವ ಆಟೋಕ್ಕೆ 300 ರೂ. ತೆತ್ತರೆ ಹತ್ತು ದಿನಗಳಲ್ಲಿ 1,000 ರೂ. ನಷ್ಟವೇ ಸರಿ. ಆದುದರಿಂದ ಮೊದಲು ಮೇಳದ ಸ್ಥಳವನ್ನು ತಿಳಿದು, ಆನಂತರ ಕೊಠಡಿ ಗೊತ್ತುಮಾಡುವುದು ಲೇಸು.

ಸೂರತ್, ವಡೋದರಾ, ಅಹಮದಾಬಾದ್ ಮೂರೂ ಮುಂಬಯಿಯಿಂದ ಬರುವ ಒಂದೇ ರೈಲು ಮಾರ್ಗದಲ್ಲಿವೆ. ಸೂರತ್ತಿನಿಂದ ವಡೋದರಾ ಸುಮಾರು 130 ಕಿ.ಮೀ., ಅಲ್ಲಿಂದ ಅಹಮದಾಬಾದ್ ಸುಮಾರು 100 ಕಿ.ಮೀ. ಹೀಗಾಗಿ ಒಂದೇ ಪ್ರವಾಸದಲ್ಲಿ ಮೂರು ನಗರಗಳನ್ನೂ ನೋಡಬಹುದು.

ಅಹಮದಾಬಾದಿನಲ್ಲಿ ವಸ್ತ್ರಾಪುರದ ಹಾಟ್ ಕರಕುಶಲ ಮಾರಾಟಕ್ಕೆಂದೇ ಇರುವ ತಾಣ. ಅಲ್ಲಿ ಮಳಿಗೆ ಇರುವವರು ನದಿಯ ಪಶ್ಚಿಮಕ್ಕಿರುವ ವಸ್ತ್ರಾಪುರ ಅಥವಾ ನವರಂಗಪುರದಲ್ಲಿ ತಂಗುವುದು ಅನುಕೂಲ. ಕೇವಲ ನೋಡಲು, ಕೊಳ್ಳಲು ಬಂದವರಿಗೆ ಲಾಲ್ ದರವಾಜಾ, ರಿಲೀಫ್ ರಸ್ತೆಯ ಸುತ್ತಮುತ್ತಲಿನ ವಸತಿಗೃಹಗಳು ಹಳೆಯ ನಗರಕ್ಕೆ ಹತ್ತಿರ. ಅಲ್ಲಿನ ಮಾಣೆಕ್ ಚೌಕದಲ್ಲಿ ಹಗಲು ಚಿನ್ನಬೆಳ್ಳಿಯ ವ್ಯಾಪಾರ. ಅಂಗಡಿಗಳು ಮುಚ್ಚಿದ ಮೇಲೆ ಅದೇ ಜಾಗದಲ್ಲಿ ತಿಂಡಿಯ ಸಂತೆ. ದೋಸೆಯೂ ಸಿಗುತ್ತದೆ, ಆದರೆ ಬೆಣ್ಣೆ, ಚೀಸ್ ಹೇರಿದ ಆ ದೋಸೆಯಲ್ಲಿ ದಾವಣಗೆರೆಯನ್ನು ಹುಡುಕಬಾರದು! ಹಿರಿಯರೊಂದಿಗೆ ಬಂದವರಿಗೆ 1978ರಲ್ಲಿ ಆರಂಭವಾದ ‘ವಿಶಾಲಾ’ ಯೋಗ್ಯವಾದುದು. ಹಳ್ಳಿಯ ವಾತಾವರಣದ ಊಟದ ಜೊತೆಗೆ ‘ವೆಚಾರ್’ ಪಾತ್ರೆಗಳ ಸಂಗ್ರಹಾಲಯವೂ ಅಲ್ಲಿದೆ. 1949ರಲ್ಲಿ ಸ್ಥಾಪಿತವಾದ ಕ್ಯಾಲಿಕೋ ವಸ್ತ್ರ ಸಂಗ್ರಹಾಲಯವನ್ನು ನೋಡಬಯಸುವವರು ಮುಂಚಿತವಾಗಿಯೇ ಕಾಯ್ದಿರಿಸಬೇಕು.

ವಡೋದರಾದಲ್ಲಿ ರೈಲು ನಿಲ್ದಾಣಕ್ಕೆ ತಾಗಿಕೊಂಡಿರುವ ಸಯಾಜಿಗಂಜ್ ತಂಗಲು ಪ್ರಶಸ್ತ. ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಪ್ರಸಿದ್ಧ ಲಲಿತಕಲಾ ವಿಭಾಗವೂ ಸಮೀಪದಲ್ಲಿದೆ. ಇಲ್ಲಿಯ ಸೇವ್ ಉಸಳ್ ಮತ್ತು ಲೀಲೋ ಚೇವಡೋ ಹೆಸರುವಾಸಿ. ಮೊದಲನೆಯದು ಬಲು ಖಾರ. ಎರಡನೆಯದು ಊರಿಗೆ ಒಯ್ಯಲು ತಕ್ಕುದು. ಸಮೀಪದ ಸಂಖೇಡಾದಲ್ಲಿ ಮರವನ್ನು ಕಡೆದು ಅರಗಿನ ಹೊಳಪು ಕೊಡುವ ಪೀಠೋಪಕರಣಗಳನ್ನು ನೋಡಿದರೆ ಅವು ನಮ್ಮ ಚನ್ನಪಟ್ಟಣದ ದಾಯಾದಿಗಳೇ ಎನಿಸುತ್ತದೆ.

ಸೂರತ್ತಿನಲ್ಲಿ ರಿಂಗ್ ರಸ್ತೆಯ ಜವಳಿ ಮಾರುಕಟ್ಟೆಗೆ ಬಂದವರು ನಿಲ್ದಾಣದ ಬಳಿಯಲ್ಲೂ, ಅಠ್ವಾಲೈನ್ಸಿನ ವನಿತಾ ವಿಶ್ರಾಮ ಮೈದಾನದ ಮೇಳಗಳಿಗೆ ಬಂದವರು ಅದೇ ಬಡಾವಣೆಯಲ್ಲೂ ಇಳಿದುಕೊಳ್ಳಬಹುದು. ಸೂರತ್ತಿನಲ್ಲಿ ಊಟ, ಕಾಶಿಯಲ್ಲಿ ಮರಣ ಎಂಬುದು ಗುಜರಾತಿಗಳ ಗಾದೆ. ಬೆಳಗಿನ ಲೋಚೋ, ಚಳಿಗಾಲದ ಉಂಧಿಯು, ಸೀಗೆ ಹುಣ್ಣಿಮೆಯ ಮರುದಿನ ಮನೆಮನೆಗೂ ಬರುವ ಘಾರಿ – ಒಂದೊಂದಕ್ಕೂ ತನ್ನದೇ ಕಾಲವಿದೆ. ಚಳಿಗಾಲದ ‘ಪೋಂಕ್’ ಎಂದರೆ ಸುಟ್ಟ ಎಳೆಯ ಜೋಳ. ಉತ್ತರ ಕರ್ನಾಟಕದವರು ಅದನ್ನು ಸೀತನಿ ಎಂದು ಕೂಡಲೇ ಗುರುತಿಸುವರು. ನಮ್ಮ ರೇಷ್ಮೆ ಸೀರೆಗಳ ಅಂಚಿಗೆ ಜರಿ ಒದಗಿಸುವ ಊರೂ ಇದೇ.

ಇನ್ನು ಕೆಲವು ಸೂಚನೆಗಳು. ಗುಜರಾತಿ ಬೇಳೆಸಾರಿನಲ್ಲಿ ಬೆಲ್ಲ ಅಥವಾ ಸಕ್ಕರೆ ಇರುತ್ತದೆ. ಮಧುಮೇಹಿಗಳು ಕೇಳಿ ಬಡಿಸಿಕೊಳ್ಳಬೇಕು. ಸಜ್ಜೆಯ ರೋಟ್ಲೋ, ಸುಟ್ಟ ಬದನೆಯ ಓಳೋ, ಮಜ್ಜಿಗೆ – ಇವು ನಮ್ಮ ನಾಲಿಗೆಗೆ ಹೊಸದಲ್ಲ. ಥಾಲಿಯಲ್ಲಿ ಬೇಕಾದಷ್ಟು ಬಡಿಸುವುದರಿಂದ ಮಧ್ಯಾಹ್ನ ಒಂದು ಥಾಲಿ, ರಾತ್ರಿ ಖಿಚಡಿ–ಕಢಿ ಎಂದಿಟ್ಟುಕೊಂಡರೆ ಹೊಟ್ಟೆಗೂ ಹಿತ, ಕಿಸೆಗೂ ಹಿತ. ಜೈನ ಧರ್ಮಶಾಲೆಗಳಲ್ಲಿ ಈರುಳ್ಳಿ, ಆಲೂಗಡ್ಡೆ ಇರುವುದಿಲ್ಲ. ಸೂರ್ಯಾಸ್ತದ ನಂತರ ಊಟವೂ ಸಾಮಾನ್ಯವಾಗಿ ಇಲ್ಲ. ರಾತ್ರಿ ಮಳಿಗೆ ಮುಚ್ಚಿ ಬರುವವರು ಇದನ್ನು ನೆನಪಿಡಬೇಕು. ನವರಾತ್ರಿ ಮತ್ತು ಜನವರಿ 14ರ ಉತ್ತರಾಯಣದ ದಿನಗಳಲ್ಲಿ ಕೊಠಡಿಗಳು ಬೇಗ ತುಂಬುತ್ತವೆ. ಗುರುತಿನ ಚೀಟಿ ಜೊತೆಗಿರಲಿ. ಸರಕಿನ ಪೆಟ್ಟಿಗೆಗಳನ್ನು ಇಡಲು ನೆಲಮಹಡಿಯಲ್ಲಿ ಸ್ಥಳವುಂಟೇ ಎಂದು ಮುಂಗಡ ಕೊಡುವ ಮೊದಲೇ ವಿಚಾರಿಸಿರಿ. ಸರ್ಕಾರಿ ಮೇಳವಾದರೆ ಪ್ರಯಾಣ ಭತ್ಯೆ ಹಾಗೂ ವಸತಿಯ ವಿಷಯವನ್ನು ಆಹ್ವಾನ ಪತ್ರದಲ್ಲಿ ಓದಿಕೊಳ್ಳಿರಿ. ಬಿಲ್ಲುಗಳನ್ನು ಜೋಪಾನ ಮಾಡಿರಿ.

ಈ ನಗರಗಳಲ್ಲಿ ನೆಲೆಸಿರುವ ಕನ್ನಡ ಬಂಧುಗಳಲ್ಲಿ ಒಂದು ವಿನಂತಿ. ಮೇಳದಲ್ಲಿ ಕರ್ನಾಟಕದ ಮಳಿಗೆ ಕಂಡರೆ ಕನ್ನಡದಲ್ಲಿ ಮಾತನಾಡಿಸಿರಿ. ಹತ್ತಿರದ ಸ್ವಚ್ಛವಾದ ಊಟದ ಮನೆಯನ್ನು ತೋರಿಸಿರಿ. ಸಾಧ್ಯವಾದರೆ ಒಂದು ದಿನ ಮನೆಯ ಅನ್ನ–ಸಾರು ಕಳುಹಿಸಿರಿ. ಬೊಂಬೆಯೊಂದನ್ನು ಕೊಂಡಷ್ಟೇ ಉಪಕಾರ ಅದರಿಂದಲೂ ಆಗುತ್ತದೆ.